ಹಂದಿಗೋಡಿಗೆ ಅಂಟಿದ ಹೆಸರು

ಹಂದಿಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ವೈದ್ಯರ ಬರಹಗಳಲ್ಲಿ ಮಾತ್ರ ಅದು ಸೊಂಟ, ಮಂಡಿಗಳ ಕೀಲು ಕೆಡಿಸಿ, ಬೆಳವಣಿಗೆ ಕುಂಠಿತಗೊಳಿಸುವ ಕಾಯಿಲೆ.

1970ರ ದಶಕದ ನಡುವಿನಲ್ಲಿ ಇಲ್ಲಿನ ಚಲವಾದಿ, ಚನ್ನಂಗಿ ಎಂಬ ದಲಿತ ಸಮುದಾಯಗಳ ಕುಟುಂಬಗಳ ಸಂಕಟ ಹೊರಗಿನವರ ಕಣ್ಣಿಗೆ ಬಿತ್ತು. ಅದು ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್ ಹೊಡೆಯುತ್ತಿದ್ದ ಕಾಲ. ಗದ್ದೆಯ ಏಡಿ ಬಡವರ ಊಟ. ವಿಷ ಏಡಿಗೆ, ಏಡಿಯಿಂದ ಮನುಷ್ಯರ ಮೂಳೆಗೆ ಎಂಬ ಅನುಮಾನ ಹುಟ್ಟಿತು. ಆ ವಿಷಗಳ ಬಗ್ಗೆ ಭಯಪಡಲು ಕಾರಣವೂ ಇತ್ತು. ಆದರೆ ಅದೇ ಗದ್ದೆ ಬಯಲಿನಲ್ಲಿ ಕೆಲವೇ ಮನೆತನಗಳಿಗೆ, ತಲೆಮಾರಿನಿಂದ ತಲೆಮಾರಿಗೆ ಯಾಕೆ ಈ ನೋವು? 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಉತ್ತರ ಆ ಹೆಸರಿನೊಳಗೇ ಇತ್ತು.

1990ರ ದಶಕದಲ್ಲಿ ಲಖನೌದ ತಜ್ಞರು ಎಕ್ಸ್-ರೇಗಳನ್ನು ಕೂಲಂಕಷವಾಗಿ ನೋಡಿದರು. ಸೊಂಟದ ಗುಳಿಯಲ್ಲಿ ಚೆಂಡಿನಂತೆ ತಿರುಗಬೇಕಾದ ತೊಡೆಮೂಳೆಯ ತುದಿ ಚಪ್ಪಟೆಯಾಗಿತ್ತು. ಕೆಲವರ ಬೆನ್ನುಮೂಳೆಯಲ್ಲೂ ದೋಷವಿತ್ತು. ಹಾಗಾಗಿ ‘ಡಿಸ್‌ಪ್ಲೇಸಿಯಾ’ ಎಂಬ ಪದ ಬಂತು. ಅಂಗಾಂಶ ಬೆಳೆಯುವಾಗಲೇ ರೂಪ ತಪ್ಪುವುದು ಎಂದು ಅದರ ಅರ್ಥ. ಸಂಧಿವಾತವೆಂದರೆ ಸರಿಯಿದ್ದ ಕೀಲು ಆಮೇಲೆ ಕೆಟ್ಟಂತೆ. ಇದು ಹುಟ್ಟಿನೊಡನೆ ಬಂದ ವಂಶವಾಹಿಯ ಕೆಲಸ. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ತಿಂದ ಅನ್ನಕ್ಕೂ ಏಡಿಗೂ ಇದರಲ್ಲಿ ಪಾಲಿಲ್ಲ.

ಆದರೂ ಏಡಿಯ ಕಥೆ ಇನ್ನೂ ಓಡಾಡುತ್ತಿದೆ. ದಲಿತರು ತಿನ್ನುವುದರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ! ನನಗೆ ಸಿಟ್ಟು ಬರುವುದು ಇಲ್ಲಿಯೇ. ಇನ್ನೊಂದು ಅನ್ಯಾಯ ಊರಿಗೆ ಆದದ್ದು. ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿದೆ. ಹೆಸರು ಹೊತ್ತದ್ದು ಹಂದಿಗೋಡು ಒಂದೇ. ಪಕ್ಕದ ಸೊರಬದ ಕ್ಯಾಸನೂರು 1957ರಲ್ಲಿ ಇನ್ನೊಂದು ಕಾಯಿಲೆಗೆ ಹೆಸರಾಗಿ ಹೀಗೆಯೇ ಸಿಕ್ಕಿಬಿದ್ದಿತ್ತು. ಜನ ಆ ಕಾಯಿಲೆಯನ್ನು ‘ಮಂಗನ ಕಾಯಿಲೆ’ ಎಂದು ಕರೆದಿದ್ದರಿಂದ ಕನ್ನಡದಲ್ಲಾದರೂ ಆ ಊರು ಬಚಾವಾಯಿತು. ಹೊಸ ರೋಗಗಳಿಗೆ ಊರಿನ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಹಂದಿಗೋಡಿಗೆ ಅದು ತಡವಾಯಿತು.

ಪಾಠ ಹೇಳುವವರು, ಪತ್ರಿಕೆಗೆ ಬರೆಯುವವರು ಏಡಿಯ ಕಥೆಯನ್ನು ಇನ್ನು ಬಿಡಬೇಕು. ಮದುವೆಗೆ ಮುಂಚಿನ ವಂಶವಾಹಿ ಸಲಹೆ, ಕೀಲಿನ ಚಿಕಿತ್ಸೆ, ತಪ್ಪದ ಮಾಸಾಶನ ಈ ಮನೆಗಳಿಗೆ ಸಾಗರದಲ್ಲೇ ಸಿಗುವಂತೆ ಸರ್ಕಾರ ಮಾಡಬೇಕು.