ಸೊಟ್ಟ ತೋಳಿನ ಲೆಕ್ಕ

ತಿಕೋಟಾದ ಓದುಗರೊಬ್ಬರು ಪ್ಲಾಸ್ಟಿಕ್ ಮಾದರಿ ಕಾರಿನ ದೊಡ್ಡ ಕಿಟ್ ತರಿಸಿಕೊಂಡಿದ್ದಾರೆ. 1/12 ಅಳತೆಯದು, ನಿಜವಾದ ಕಾರಿನ ಒಂದು ಅಡಿ ಇದರಲ್ಲಿ ಒಂದು ಇಂಚು. ಎಂಜಿನ್, ಸಸ್ಪೆನ್ಷನ್ ಎಲ್ಲವನ್ನೂ ಬಿಡಿ ತುಂಡುಗಳಿಂದ ಕಟ್ಟಬೇಕು, ತಾಳ್ಮೆ ಬೇಡುವ ಕೆಲಸ. ಮುಂದಿನ ಗಾಲಿಗಳನ್ನು ಅಂಟು ಹಾಕದೆ ಕೂಡಿಸಿ ಸ್ಟೇರಿಂಗ್ ತಿರುವಿದಾಗ ಅವರಿಗೆ ಅನುಮಾನ ಬಂದಿದೆ. ‘ಎಡಕ್ಕೆ ತಿರುವಿದರೆ ಎಡಗಾಲಿ ಹೆಚ್ಚು ಹೊರಳುತ್ತದೆ, ಬಲಗಾಲಿ ಕಡಿಮೆ. ಬಲಕ್ಕೆ ತಿರುವಿದರೆ ಇದರ ಉಲ್ಟಾ. ಗಾಲಿಯ ಹಿಂದಿನ ತೋಳುಗಳೂ ಸೊಟ್ಟಗಿವೆ. ಅಚ್ಚಿನ ದೋಷವೇ? ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಲೇ?’

ದಯವಿಟ್ಟು ಮಾಡಬೇಡಿ. ಇಡೀ ಕಿಟ್ಟಿನಲ್ಲಿ ಎಲ್ಲಕ್ಕಿಂತ ಜಾಣತನದ ತುಂಡು ಆ ಸೊಟ್ಟ ತೋಳೇ.

ಮುಂದಿನ ಎರಡೂ ಗಾಲಿಗಳು ಒಂದಕ್ಕೊಂದು ಸಮಾಂತರವಾಗಿ ಹೊರಳುತ್ತವೆ ಎಂದು ಬಹಳ ಜನ ನಂಬಿದ್ದಾರೆ. ವರ್ಷಗಟ್ಟಲೆ ಗಾಡಿ ಓಡಿಸಿದವರೂ ಹಾಗೇ ಹೇಳುವುದನ್ನು ಕೇಳಿದ್ದೇನೆ. ಕಾರು ತಿರುವು ತೆಗೆದುಕೊಳ್ಳುವಾಗ ಅದರ ನಾಲ್ಕೂ ಗಾಲಿಗಳು ಒಂದೇ ಕೇಂದ್ರದ ಸುತ್ತ ಸುತ್ತಬೇಕು. ಒಳಗಿನ ಗಾಲಿಯ ವೃತ್ತ ಚಿಕ್ಕದು, ಹೊರಗಿನದು ದೊಡ್ಡದು. ಚಿಕ್ಕ ವೃತ್ತ ಬರೆಯುವ ಗಾಲಿ ಹೆಚ್ಚು ಹೊರಳಲೇಬೇಕು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.4 ಮೀಟರ್, ಎಡಬಲ ಗಾಲಿಗಳ ನಡುವೆ 1.4 ಮೀಟರ್ ಇರುವ ಸಣ್ಣ ಕಾರನ್ನು ತೆಗೆದುಕೊಳ್ಳಿ. ತಿರುವಿನ ಕೇಂದ್ರ ಹಿಂದಿನ ಅಚ್ಚಿನ ನಡುಮಧ್ಯದಿಂದ 5 ಮೀಟರ್ ದೂರ ಇದ್ದರೆ, ಒಳಗಾಲಿ ಸುಮಾರು 29 ಡಿಗ್ರಿ ಹೊರಳಬೇಕು, ಹೊರಗಾಲಿ ಸುಮಾರು 23. ಎರಡೂ ಸಮಾಂತರವಾಗಿದ್ದರೆ ಒಂದು ಗಾಲಿ ಅಡ್ಡಕ್ಕೆ ಉಜ್ಜಿಕೊಂಡೇ ಹೋಗುತ್ತದೆ.

ಆ ಉಜ್ಜಾಟ ನೋಡಬೇಕೆಂದರೆ ಜಾತ್ರೆಯ ತೇರಿನ ಹತ್ತಿರ ನಿಲ್ಲಿ. ತೇರಿನ ಅಚ್ಚುಗಳು ಹೊರಳುವಂಥವಲ್ಲ. ಗಾಲಿಗೆ ಮರದ ತುಂಡು ಕೊಟ್ಟು ಕೊಟ್ಟು, ಅಡ್ಡಕ್ಕೆ ಜಾರಿಸಿಯೇ ಅದನ್ನು ತಿರುಗಿಸಬೇಕು. ತಿರುವಿನಲ್ಲಿ ತೇರು ನಿಂತರೆ ದೇವರು ಮುನಿದ ಎನ್ನುತ್ತಾರೆ. ಮುನಿದದ್ದು ರೇಖಾಗಣಿತ. ಎರಡೇ ಗಾಲಿಯ ಬಂಡಿಗೆ ಈ ಫಜೀತಿ ಇಲ್ಲ. ಎರಡೂ ಗಾಲಿ ತಮ್ಮ ತಮ್ಮ ಪಾಡಿಗೆ ಉರುಳುತ್ತವೆ.

ಹಳೆಯ ಯುರೋಪಿನ ನಾಲ್ಕು ಗಾಲಿಯ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುಗೂಟದ ಸುತ್ತ ತಿರುಗುತ್ತಿತ್ತು. ಜೋರು ತಿರುವಿನಲ್ಲಿ ಗಾಡಿಯ ಮೂಲೆಗೆ ಆಸರೆ ತಪ್ಪಿ ಮಗುಚುತ್ತಿತ್ತು. ರೋಗಿಗಳ ಮನೆಮನೆಗೆ ಗಾಡಿಯಲ್ಲಿ ಅಲೆಯುತ್ತಿದ್ದ ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ (ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ಅಜ್ಜ) 1750ರ ದಶಕದ ಕೊನೆಗೇ ಇದಕ್ಕೊಂದು ಉಪಾಯ ಹುಡುಕಿದ್ದ: ಅಚ್ಚು ಅಲುಗಾಡದಿರಲಿ, ಗಾಲಿಗಳು ಮಾತ್ರ ತಮ್ಮ ತಮ್ಮ ಗೂಟದ ಸುತ್ತ ಹೊರಳಲಿ. ಮುಂದೆ ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಅದನ್ನು ಸ್ವಂತವಾಗಿ ಕಟ್ಟಿದ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಚಿತ್ರಗಳ ವ್ಯಾಪಾರಿ ರುಡಾಲ್ಫ್ ಅಕರ್ಮನ್. ಈ ಜೋಡಣೆಗೆ ಹೆಸರು ಉಳಿದದ್ದು ವ್ಯಾಪಾರಿಯದು, ಕಟ್ಟಿದವನದಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ.

ಈಗ ನಿಮ್ಮ ಮಾದರಿಯನ್ನೇ ಮೇಜಿನ ಮೇಲಿಡಿ, ಗಾಲಿಗಳು ನೆಟ್ಟಗಿರಲಿ. ಎಡಗಾಲಿ ಹೊರಳುವ ಗೂಟವಾದ ಕಿಂಗ್‌ಪಿನ್‌ನಿಂದ ಸೊಟ್ಟ ತೋಳಿನ ತುದಿಯ ಮೇಲೆ ಹಾಯುವಂತೆ ಒಂದು ದಾರ ಎಳೆದು ಹಿಂದಕ್ಕೆ ಒಯ್ಯಿರಿ. ಬಲಗಾಲಿಗೂ ಹಾಗೇ ಮಾಡಿ. ಎರಡೂ ದಾರ ಹಿಂದಿನ ಅಚ್ಚಿನ ನಡುಮಧ್ಯದ ಆಸುಪಾಸಿನಲ್ಲಿ ಕೂಡುತ್ತವೆ. ತೋಳು ಇಷ್ಟು ಒಳಕ್ಕೆ ವಾಲಿದ್ದರೆ ಸಾಕು, ಎರಡೂ ತೋಳುಗಳನ್ನು ಕೂಡಿಸುವ ಒಂದೇ ಟೈ ರಾಡ್ ಎರಡು ಗಾಲಿಗೂ ಬೇರೆ ಬೇರೆ ಕೋನ ಹಂಚುತ್ತದೆ. ಪೂರ್ತಿ ಕರಾರುವಾಕ್ಕಲ್ಲ, ಆದರೆ ರಸ್ತೆಗೆ ಸಾಕಾಗುವಷ್ಟು ಸರಿ. ಎಡದ ತೋಳನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂಡಿಸಿದರೆ ಲೆಕ್ಕ ತಲೆಕೆಳಗಾಗಿ ಹೊರಗಾಲಿಯೇ ಹೆಚ್ಚು ಹೊರಳೀತು. ತುಂಡಿನ ಪಕ್ಕದ ನಂಬರ್ ನೋಡಿಕೊಂಡೇ ಕತ್ತರಿಸಿ.

ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ. ಮಾದರಿಯಲ್ಲಿ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ: ಉದ್ದ ಸುಮಾರು 4.45 ಮೀಟರ್, ತೂಕ ಸುಮಾರು 55 ಟನ್. ಅದೇ ಲೋಹದಲ್ಲಿ 1/12 ಅಳತೆಯ ಮಾದರಿ ಎರಕ ಹೊಯ್ದರೆ ಉದ್ದ 37 ಸೆಂಟಿಮೀಟರ್ ಆಗುತ್ತದೆ. ತೂಕ ಹನ್ನೆರಡರಲ್ಲೊಂದಲ್ಲ, 1728ರಲ್ಲೊಂದು, ಅಂದರೆ ಸುಮಾರು 32 ಕಿಲೋ. ಕೋನ ಮಾತ್ರ ಒಂದಿಷ್ಟೂ ಕುಗ್ಗುವುದಿಲ್ಲ. ನಿಜವಾದ ಕಾರಿನ 29 ಡಿಗ್ರಿ ಅಂಗೈ ಮೇಲಿನ ಕಾರಿನಲ್ಲೂ 29 ಡಿಗ್ರಿಯೇ. ಹಾಗಾಗಿ ಸ್ಟೇರಿಂಗಿನ ಪಾಠಕ್ಕೆ ಮಾದರಿ ಕಾರು ದೊಡ್ಡ ಕಾರಿನಷ್ಟೇ ಪ್ರಮಾಣ.

ಮಾದರಿಯಲ್ಲಿ ಕಂಡದ್ದನ್ನು ತೋಟದಲ್ಲೂ ನೋಡಬಹುದು. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಸಾಲಿನ ತುದಿಗೆ ಬಂದ ಟ್ರ್ಯಾಕ್ಟರ್ ಪಕ್ಕದ ಸಾಲಿಗೆ ಹೊರಳುವಾಗ ಮುಂದಿನ ಗಾಲಿಗಳನ್ನು ಗಮನಿಸಿ, ಕೋನದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಚಾಲಕರು ಇನ್ನೊಂದು ಯುಕ್ತಿಯನ್ನೂ ಬಳಸುತ್ತಾರೆ: ಒಳಬದಿಯ ಹಿಂದಿನ ಗಾಲಿಗಷ್ಟೇ ಬ್ರೇಕ್ ಒತ್ತಿ ಇನ್ನೂ ಇಕ್ಕಟ್ಟಾಗಿ ತಿರುಗುತ್ತಾರೆ. ತೋಟದಲ್ಲಿ ಅದು ಸರಿ. ರಸ್ತೆಗೆ ಬರುವ ಮೊದಲು ಎರಡೂ ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಕೊಂಡಿ ಹಾಕಲೇಬೇಕು. ವೇಗದಲ್ಲಿ ಒಂದೇ ಬದಿಗೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಮಗುಚೀತು.

ಮುಂದಿನ ಟೈರು ಒಂದೇ ಬದಿಗೆ ಬೇಗ ಸವೆಯಿತೆಂದು ದೃಷ್ಟಿ ತೆಗೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವರಿದ್ದಾರೆ. ಕಲ್ಲಿಗೆ ಬಡಿದು ಟೈ ರಾಡ್ ಬಾಗಿದ್ದರೆ ಗಾಲಿಗಳು ಕೋನ ತಪ್ಪಿ ದಿನವಿಡೀ ಉಜ್ಜುತ್ತಲೇ ಇರುತ್ತವೆ. ನಿಂಬೆಹಣ್ಣು ಅದನ್ನು ನೆಟ್ಟಗೆ ಮಾಡದು. ಟೈರಿನ ದುಡ್ಡು ಹೋಗುವುದಲ್ಲದೆ, ಒಂದು ದಿನ ಆ ರಾಡ್ ಮುರಿದರೆ ಜೀವವೇ ಹೋದೀತು. ಮೆಕ್ಯಾನಿಕ್‌ಗೆ ತೋರಿಸಿ.

ಇಷ್ಟವಾದರೆ ಮುಂದಿನ ಸಲ ಜಪಾನಿನ ಟಮಿಯಾ ಕಂಪನಿಯ 1/12 ಅಳತೆಯ ಟಿರೆಲ್ ಪಿ34 ಕಟ್ಟಿ. ಡೆರೆಕ್ ಗಾರ್ಡ್ನರ್ ರೂಪಿಸಿದ ಆ ರೇಸ್ ಕಾರಿಗೆ ಒಟ್ಟು ಆರು ಗಾಲಿ. ಮುಂದಿನ ನಾಲ್ಕೂ ಹೊರಳುತ್ತವೆ. 1976ರ ಸ್ವೀಡನ್ ಗ್ರ್ಯಾಂಡ್ ಪ್ರಿಯಲ್ಲಿ ಆ ಬಗೆಯ ಕಾರುಗಳೇ ಮೊದಲ ಎರಡೂ ಸ್ಥಾನ ಗೆದ್ದಿದ್ದವು. ಒಂದೇ ಕೇಂದ್ರದ ಸುತ್ತ ಸುತ್ತಬೇಕಾದರೆ ಅಲ್ಲಿ ನಾಲ್ಕು ಬೇರೆ ಬೇರೆ ಕೋನ ಬೇಕು. ರೇಸಿನ ವೇಗದಲ್ಲಿ ಟೈರುಗಳು ತುಸು ಜಾರುತ್ತಲೇ ಓಡುವುದರಿಂದ ಅಂಥ ಕಾರುಗಳಲ್ಲಿ ಈ ಲೆಕ್ಕವನ್ನು ಬೇಕೆಂದೇ ಬದಲಿಸುವುದೂ ಉಂಟು.

ಸದ್ಯಕ್ಕೆ ಅಂಟಿನ ಬಗ್ಗೆ ಎಚ್ಚರ. ಕಿಟ್ಟಿನ ಸಿಮೆಂಟ್ ಗೋಂದಲ್ಲ, ದ್ರಾವಕ. ಅದು ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡನ್ನು ಒಂದೇ ತುಂಡು ಮಾಡುತ್ತದೆ. ತೆಳುವಾದ ಸಿಮೆಂಟ್ ಸಂದಿನಲ್ಲಿ ತಾನೇ ಹರಿದುಹೋಗುತ್ತದೆ. ಕಿಂಗ್‌ಪಿನ್ ತೂತಿಗೆ ಒಂದು ಹನಿ ಇಳಿದರೂ ಗಾಲಿ ಮತ್ತೆಂದೂ ಹೊರಳದು. ಕಿಟಕಿ ತೆರೆದಿಟ್ಟು, ಕುಂಚದ ತುದಿಯಿಂದ ಕಿಂಗ್‌ಪಿನ್‌ನ ಮುಚ್ಚಳಕ್ಕಷ್ಟೇ ಸೋಕಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಟೈ ರಾಡ್ ಕೂಡಿಸಿ.