ಜಾಡೇ ಅಳತೆಗೋಲು

ರಾಯಚೂರಿನ ಗುಂಜಹಳ್ಳಿಯಲ್ಲಿ ಬಯಲಿಗೆ ಬಂದು ಅಂಗೈ ಚಾಚಿದರೆ ನಿಮಿಷಕ್ಕೆ ಸುಮಾರು ನೂರು ಮ್ಯೂಆನ್‌ಗಳು ಅದನ್ನು ತೂರಿಕೊಂಡು ಹೋಗುತ್ತವೆ. ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಎಲೆಕ್ಟ್ರಾನಿನ ಬಳಗದವೇ ಆದರೂ ಅದಕ್ಕಿಂತ ಸುಮಾರು 200 ಪಟ್ಟು ಭಾರ. ಚಾವಣಿ, ಬಂಡೆ ಯಾವುದಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಇವುಗಳ ಕಾಟ ತಪ್ಪಿಸಿಕೊಳ್ಳಲೆಂದು ನಮ್ಮ ವಿಜ್ಞಾನಿಗಳು ಒಂದು ಕಾಲಕ್ಕೆ ಚಿನ್ನದ ಗಣಿಗೇ ಇಳಿದಿದ್ದರು.

ರಾಯಚೂರಿನವರಿಗೆ ಚಿನ್ನದ ಗಣಿ ಎಂದರೆ ಹಟ್ಟಿ. ಆದರೆ ಆ ವಿಜ್ಞಾನಿಗಳು ಇಳಿದದ್ದು ಕೋಲಾರದ ಚಿನ್ನದ ಗಣಿಗೆ, ಕೆಜಿಎಫ್‌ಗೆ. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಪ್ರೇರಣೆಯಿಂದ ನಂಜನಗೂಡು ಮೂಲದ ಬಿ.ವಿ. ಶ್ರೀಕಂಠನ್ ಅಲ್ಲಿ ಮ್ಯೂಆನ್ ಎಣಿಕೆ ಶುರುಮಾಡಿದರು. ಆಳಕ್ಕೆ ಹೋದಷ್ಟೂ ಎಣಿಕೆ ಇಳಿಯಿತು; ಮ್ಯೂಆನ್ ಕಾಟವಿಲ್ಲದೆ ಅಪರೂಪದ ಕಣ ಹುಡುಕಲು ಅದೇ ತಕ್ಕ ಜಾಗ ಎಂದಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ (ಬಹುತೇಕ ಯಾವುದಕ್ಕೂ ತಾಗದೆ ಸಾಗುವ ಕಣ) ಗುರುತನ್ನು ಮೊದಲ ಬಾರಿಗೆ ಹಿಡಿಯಿತು. ಅಷ್ಟು ಆಳಕ್ಕೆ ಮೇಲಿನಿಂದ ಬಂದು ಮುಟ್ಟುವ ಮ್ಯೂಆನ್ ಹೆಚ್ಚುಕಡಿಮೆ ನೆಟ್ಟಗೇ ಇಳಿದಿರುತ್ತದೆ. ಅಡ್ಡಡ್ಡ ಹಾದು ಹೋದರೆ ಅದು ಸುತ್ತಲ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದು. ಇಡೀ ತೀರ್ಮಾನ ನಿಂತದ್ದು ಜಾಡಿನ ಓರೆಯ ಮೇಲೆ. ಜಾಡು ತೋರಿಸಲು ಪೇರಿಸಿದ ನಿಯಾನ್ ಕೊಳವೆಗಳು ಎಲ್ಲೆಲ್ಲಿವೆ ಎಂಬುದು ಸರಿಯಾಗಿ ತಿಳಿಯದಿದ್ದರೆ ಆ ಓರೆಯೇ ಸುಳ್ಳಾಗುತ್ತದೆ.

1980ರಲ್ಲಿ ಪ್ರೋಟಾನ್ ಕ್ಷಯ (ಪ್ರೋಟಾನ್ ತಾನೇ ಒಡೆಯುವುದು) ಹುಡುಕಲು ಅದೇ ಗಣಿಯಲ್ಲಿ 140 ಟನ್ನಿನ ಶೋಧಕ ಎದ್ದಿತು. ಕಬ್ಬಿಣದ ತಗಡುಗಳ ನಡುವೆ ಎಣಿಕೆ ಕೊಳವೆಗಳ 34 ಪದರಗಳು. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಒಂದೊಂದು ಕೊಳವೆ ಹತ್ತು ಸೆಂಟಿಮೀಟರ್ ಅಗಲ. ಅಂಥದ್ದು ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಲೆಕ್ಕ ಕೆಡದು.

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ, ಪ್ರೋಟಾನ್‌ಗಳ ಡಿಕ್ಕಿ ನೋಡುವ ಸಿಎಂಎಸ್ ಶೋಧಕದಲ್ಲಿ ಆ ಸಡಿಲಿಕೆ ಇಲ್ಲ. ಟಿಐಎಫ್‌ಆರ್ ಇಲ್ಲಿಯೂ ಪಾಲುದಾರ. ಸಿಎಂಎಸ್‌ನ ನಡುವೆ ಜಾಡು ಹಿಡಿಯುವ ಟ್ರ್ಯಾಕರ್‌ನಲ್ಲಿ ಮೊದಲಿಗೆ ಇದ್ದದ್ದು 16,588 ಸಿಲಿಕಾನ್ ಮಾಡ್ಯೂಲ್‌ಗಳು. ಕಣ ಹಾದ ಜಾಗವನ್ನು ಇವು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟು ನಿಖರವಾಗಿ ಹೇಳಬಲ್ಲವು. ಆದರೆ ಮಾಡ್ಯೂಲೇ ಎಲ್ಲಿದೆ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿರಬೇಕಲ್ಲ! ಜೋಡಿಸಿ ಮುಚ್ಚಿದ ಮೇಲೆ ಒಳಗೆ ಕೈ ಹೋಗದು. ತಂಪು ಮಾಡಿದರೆ ಕುಗ್ಗುತ್ತದೆ, ಮ್ಯಾಗ್ನೆಟ್ ಹಾಕಿದರೆ ಕದಲುತ್ತದೆ.

ಗೌಂಡಿ ಗೋಡೆ ಕಟ್ಟುವಾಗ ಮೊದಲು ದಾರ ಬಿಗಿದು, ಅದಕ್ಕೆ ಇಟ್ಟಿಗೆ ಹೊಂದಿಸುತ್ತಾನೆ. ಇಲ್ಲಿ ದಾರ ಎಲ್ಲಿದೆ ಎಂದು ಹೇಳಬೇಕಾದ್ದೂ ಇಟ್ಟಿಗೆಗಳೇ. ಒಂದು ಜಾಡು ಹತ್ತಾರು ಮಾಡ್ಯೂಲ್‌ಗಳಲ್ಲಿ ಚುಕ್ಕೆ ಬಿಡುತ್ತದೆ. ಚುಕ್ಕೆಗಳ ಮೇಲೆ ಗೆರೆ ಎಳೆದರೆ ಕೆಲವು ತುಸು ಹೊರಗೆ ಉಳಿಯುತ್ತವೆ. ಒಂದೇ ಮಾಡ್ಯೂಲಿನ ಚುಕ್ಕೆ ಸಾವಿರಾರು ಜಾಡುಗಳಲ್ಲಿ ಒಂದೇ ಕಡೆಗೆ ಸರಿದಿದ್ದರೆ, ಸರಿದಿರುವುದು ಮಾಡ್ಯೂಲೇ. ಪ್ರತಿ ಮಾಡ್ಯೂಲಿಗೆ ಮೂರು ಸರಿತ, ಮೂರು ತಿರುವು. ಒಟ್ಟು ಸುಮಾರು ಒಂದು ಲಕ್ಷ ಅಜ್ಞಾತಗಳು. ಜತೆಗೆ ಪ್ರತಿ ಜಾಡಿನವು ಬೇರೆ. ಇವೆಲ್ಲವನ್ನೂ ಒಟ್ಟಿಗೇ ಬಿಡಿಸಲು ಹ್ಯಾಂಬರ್ಗ್‌ನ ಫೋಲ್ಕರ್ ಬ್ಲೋಬೆಲ್ ರೂಪಿಸಿದ ‘ಮಿಲಿಪೀಡ್’ ಎಂಬ ತಂತ್ರಾಂಶವಿದೆ.

ಇಷ್ಟಾದರೂ ಒಂದು ಬಗೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಳ ಪದರಗಳಿಗಿಂತ ಹೊರ ಪದರಗಳು ಕ್ರಮವಾಗಿ ತುಸು ಹೆಚ್ಚು ತಿರುಗಿವೆ ಎನ್ನೋಣ. ನಡುವಿನ ಡಿಕ್ಕಿಯಿಂದ ಹೊರಟ ಜಾಡುಗಳೆಲ್ಲ ಒಂದೇ ಕಡೆಗೆ ಬಾಗಿದಂತೆ ಕಾಣುತ್ತವೆ. ಒಂದು ಚುಕ್ಕೆಯೂ ಗೆರೆ ತಪ್ಪದು. ಆದರೆ ಕಾಂತಕ್ಷೇತ್ರದಲ್ಲಿ ಜಾಡಿನ ಬಾಗು ನೋಡಿಯೇ ಕಣದ ಸಂವೇಗ ಅಳೆಯುವುದು. ಹೀಗಾಗಿ ಧನ ಕಣದ ಸಂವೇಗ ಹೆಚ್ಚಾಗಿ, ಋಣ ಕಣದ್ದು ಕಡಿಮೆಯಾಗಿ (ಅಥವಾ ತಿರುಗುಮುರುಗಾಗಿ) ಬರುತ್ತದೆ.

ಇಲ್ಲಿ ನೆರವಿಗೆ ಬರುವುದು ಕೆಜಿಎಫ್‌ನಲ್ಲಿ ಬೇಡವಾಗಿದ್ದ ಅದೇ ಮ್ಯೂಆನ್. ಸಿಎಂಎಸ್ ಇರುವುದು ಸುಮಾರು ನೂರು ಮೀಟರ್ ಆಳದಲ್ಲಿ. ಅಲ್ಲಿಗೆ ಮ್ಯೂಆನ್‌ಗಳು ಧಾರಾಳವಾಗಿ ಬರುತ್ತವೆ. ಮೇಲಿನಿಂದ ಹೊಕ್ಕು ಕೆಳಗಿನಿಂದ ಹೊರಬೀಳುವ ಮ್ಯೂಆನ್ ಒಂದೇ ಕಣ. ಪದರಗಳು ತಿರುಚಿದ್ದರೆ ಮೇಲಿನರ್ಧ ಹೇಳುವ ಸಂವೇಗ ಕೆಳಗಿನರ್ಧದ್ದಕ್ಕೆ ತಾಳೆಯಾಗುವುದಿಲ್ಲ. ಹಾಗಾಗಿಯೇ 2008ರಲ್ಲಿ, ಪ್ರೋಟಾನ್‌ಗಳ ಡಿಕ್ಕಿ ಶುರುವಾಗುವ ಮುನ್ನ, ಸುಮಾರು 32 ಲಕ್ಷ ಮ್ಯೂಆನ್ ಜಾಡುಗಳಿಂದ ಟ್ರ್ಯಾಕರನ್ನು ಹೊಂದಿಸಿದರು. ಅದರ ನಡುಭಾಗದ ನಿಖರತೆ ಮಿಲಿಮೀಟರಿನ ಸಾವಿರದಲ್ಲಿ ಮೂರು–ನಾಲ್ಕು ಭಾಗಕ್ಕೆ ಬಂತು.

ಹಿಗ್ಸ್ ಕಣ ನಾಲ್ಕು ಮ್ಯೂಆನ್‌ಗಳಾಗಿ ಒಡೆದಾಗ ಅದರ ರಾಶಿಯನ್ನು ಲೆಕ್ಕ ಹಾಕುವುದು ಇದೇ ಜಾಡುಗಳ ಬಾಗಿನಿಂದ. ಆ ಲೆಕ್ಕ ನಂಬಿಕೆಗೆ ಅರ್ಹವಾಗಿ ಉಳಿಯಬೇಕಾದರೆ ಹೊಂದಾಣಿಕೆ ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಮ್ಯಾಗ್ನೆಟ್ ಆರಿಸಿ ಹಾಕಿದಾಗ, ಮಾಡ್ಯೂಲ್ ಬದಲಿಸಿದಾಗ ಅದನ್ನು ಹೊಸದಾಗಿ ಮಾಡಲೇಬೇಕು.