ಗೋಪುರ ಬೇಡವೆಂದ ಮರಳು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್ ವೃತ್ತಿಯಿಂದ ವಕೀಲ. ಮನಸ್ಸೆಲ್ಲ ಯಂತ್ರಗಳ ಮೇಲೆ. 1835ರಲ್ಲಿ ಡೆಂಟ್‌ಡೇಲ್ ಕಣಿವೆಗೆ ಮೀನು ಹಿಡಿಯಲು ಹೋದವನ ಕಣ್ಣಿಗೆ, ಅಮೃತಶಿಲೆಯ ಗಣಿಗಾಗಿ ತಿರುಗುತ್ತಿದ್ದ ನೀರ್ಚಕ್ರವೊಂದು ಬಿತ್ತು. ಗುಡ್ಡದಿಂದ ಅಷ್ಟೆತ್ತರ ಇಳಿದು ಬರುವ ತೊರೆಯಲ್ಲಿ ಚಕ್ರಕ್ಕೆ ದಕ್ಕುತ್ತಿದ್ದುದು ಕೊನೆಯ ಕೆಲವೇ ಅಡಿಗಳ ಶಕ್ತಿ. ಮಿಕ್ಕಿದ್ದೆಲ್ಲ ಬಂಡೆಗೆ ಬಡಿದು ಹಾಳು. ಮೀನು ಸಿಕ್ಕಿತೋ ಇಲ್ಲವೋ, ಈ ಲೆಕ್ಕ ಮಾತ್ರ ಅವನನ್ನು ಬಿಡಲಿಲ್ಲ.

1846ರಲ್ಲಿ ನ್ಯೂಕ್ಯಾಸಲ್ ಬಂದರುಕಟ್ಟೆಯಲ್ಲಿ ಅವನ ಕ್ರೇನ್ ಹಡಗಿನ ಸರಕು ಎತ್ತತೊಡಗಿತು. ಊರಿನ ನಲ್ಲಿನೀರಿನ ಒತ್ತಡವೇ ಅದಕ್ಕೆ ಬಲ. ಮರುವರ್ಷ ವಕೀಲಿಕೆ ಬಿಟ್ಟು ಕಾರ್ಖಾನೆ ತೆರೆದ. ಆದರೆ ಅಂಥ ಕೊಳವೆ ಇಲ್ಲದ ಬಂದರುಗಳಲ್ಲಿ ಏನು ಮಾಡುವುದು? ಎತ್ತರದಲ್ಲಿ ತೊಟ್ಟಿ ಕಟ್ಟಬೇಕು. ಗ್ರಿಮ್ಸ್‌ಬಿ ಬಂದರಿನಲ್ಲಿ ಹಾಗೇ ಆಯಿತು: 1852ರಲ್ಲಿ ಮುಗಿದ 94 ಮೀಟರ್ ಗೋಪುರ, ಅದರೊಳಗೆ ಸುಮಾರು 60 ಮೀಟರ್ ಮೇಲೆ ನೀರು.

ಆ ಇಟ್ಟಿಗೆಯ ಗೋಪುರ ಇಂದಿಗೂ ನಿಂತಿದೆ, ನೋಡಲೂ ಚೆಂದ. ಆದರೆ ಅದು ಎದ್ದು ನಿಲ್ಲುವ ಹೊತ್ತಿಗೇ ಅದರ ಕಾಲ ಮುಗಿದಿತ್ತು. ಗ್ರಿಮ್ಸ್‌ಬಿಯಂತೆಯೇ ಹಂಬರ್ ನದೀಮುಖದಲ್ಲಿರುವ ನ್ಯೂ ಹಾಲೆಂಡ್‌ನಲ್ಲಿ ನೆಲವೆಲ್ಲ ಮರಳು. ಗೋಪುರದ ಭಾರ ತಾಳುವಂತಿರಲಿಲ್ಲ. ಎತ್ತರ ಸಿಗದಿದ್ದರೆ ತೂಕವನ್ನೇ ಹೇರೋಣ ಎಂದುಕೊಂಡ ಆರ್ಮ್‌ಸ್ಟ್ರಾಂಗ್. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಸಿಲಿಂಡರ್, ಅದರಲ್ಲಿ ಏರಿಳಿಯುವ ದಪ್ಪ ದಿಂಡು, ದಿಂಡಿನ ನೆತ್ತಿಗೆ ಜಲ್ಲಿಯಂಥ ಭಾರ ತುಂಬಿದ ದೊಡ್ಡ ಪೆಟ್ಟಿಗೆ. ಸಣ್ಣದೊಂದು ಉಗಿಯಂತ್ರ ಬಿಡುವಿಲ್ಲದೆ ನೀರು ತಳ್ಳುತ್ತಿದ್ದರೆ ಭಾರ ನಿಧಾನವಾಗಿ ಮೇಲೇರುತ್ತದೆ. ಕ್ರೇನಿನವನು ಕವಾಟ ತೆರೆದ ಕೂಡಲೇ ಅದು ಇಳಿಯುತ್ತ ನೀರನ್ನು ಒಂದೇ ಸಮನಾದ ಒತ್ತಡದಲ್ಲಿ ನೂಕುತ್ತದೆ. ಈ ಸಾಧನಕ್ಕೆ ಅಕ್ಯುಮುಲೇಟರ್ ಎಂದು ಹೆಸರಾಯಿತು. ಮುಂದೆ ಇಂಥವುಗಳಲ್ಲಿ ವಾಡಿಕೆಯಾದ ಒತ್ತಡ ವಾಯುಭಾರದ ನಲವತ್ತು ಪಟ್ಟು. ಗೋಪುರದಿಂದಲೇ ಅಷ್ಟು ಬೇಕೆಂದರೆ ಅದು 400 ಮೀಟರ್ ಏರಬೇಕಿತ್ತು!

ಹಾಗೆಂದು ಅದರಲ್ಲಿ ಶಕ್ತಿಯ ಕಣಜವೇ ಇತ್ತೆಂದು ಭಾವಿಸಬೇಡಿ. ನೂರು ಟನ್ ಭಾರ ಆರು ಮೀಟರ್ ಇಳಿದರೆ ಸಿಗುವುದು ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಯೂನಿಟ್. ಆದರೆ ಅಷ್ಟನ್ನೂ ಅರ್ಧ ನಿಮಿಷದಲ್ಲಿ ಸುರಿದರೆ ಇನ್ನೂರು ಕಿಲೋವಾಟ್‌ನ ಬಲ. ಕ್ರೇನಿಗೆ ಬೇಕಿದ್ದುದೂ ಅದೇ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಬ್ರಿಜ್‌ಗೆ ಇಂಥವು ಆರು. ಉಗಿಯಂತ್ರಗಳು ಸಾವಕಾಶವಾಗಿ ತುಂಬಿಟ್ಟ ಬಲದಿಂದ ಸಾವಿರ ಟನ್ನಿಗೂ ಮೀರಿದ ಸೇತುವೆಯ ರೆಕ್ಕೆಗಳು ನಿಮಿಷದೊಳಗೆ ಮೇಲೇಳುತ್ತಿದ್ದವು. ಲಂಡನ್ನಿನ ಬೀದಿಗಳಡಿ ಒತ್ತಡದ ನೀರಿನದೇ ಒಂದು ಜಾಲವಿತ್ತು. ಲಿಫ್ಟು, ನಾಟಕಶಾಲೆಯ ರಂಗಯಂತ್ರಗಳಿಗೆಲ್ಲ ಬಲ ಮಾರುತ್ತಿದ್ದ ಅದರ ಕಂಪನಿ ಬಾಗಿಲು ಹಾಕಿದ್ದು 1977ರಲ್ಲಿ.

ಇಂದಿನ ವಿದ್ಯುತ್ ಜಾಲಕ್ಕೂ ಎರಡು ಬಗೆಯ ಹಸಿವುಂಟು: ಒಂದು ಕ್ಷಣದ್ದು, ಇನ್ನೊಂದು ಗಂಟೆಗಟ್ಟಲೆಯದು. ದೊಡ್ಡ ಸ್ಥಾವರವೊಂದು ಹಠಾತ್ತನೆ ನಿಂತರೆ 50 ಹರ್ಟ್ಸ್ ಆವರ್ತನ ಕುಸಿಯತೊಡಗುತ್ತದೆ. ಆ ಕ್ಷಣಕ್ಕೆ ಒದಗುವುದು ಜಾಲದುದ್ದಕ್ಕೂ ತಿರುಗುತ್ತಿರುವ ಟರ್ಬೈನುಗಳ ಗತಿಶಕ್ತಿ. ಸೌರಫಲಕದಲ್ಲಿ ತಿರುಗುವಂಥದ್ದೇನೂ ಇಲ್ಲವಲ್ಲ, ಅದಕ್ಕೇ ಈಗ ಅಲ್ಲಲ್ಲಿ ಭಾರವಾದ ಫ್ಲೈವೀಲ್‌ಗಳನ್ನು ಕೂರಿಸುತ್ತಿದ್ದಾರೆ.

ಗಂಟೆಗಟ್ಟಲೆಯ ಹಸಿವಿಗೆ ಮತ್ತೆ ಎತ್ತರದ ನೀರೇ ದೊಡ್ಡ ಆಸರೆ. ಹಗಲಿನ ಹೆಚ್ಚುವರಿ ಸೌರವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಸಂಜೆ ದೀಪ ಹೊತ್ತುವ ವೇಳೆಗೆ ಟರ್ಬೈನಿನ ಮೂಲಕ ಇಳಿಸುವುದು. ನಾಲ್ಕು ಯೂನಿಟ್ ಹಾಕಿದರೆ ಹೆಚ್ಚುಕಡಿಮೆ ಮೂರು ವಾಪಸು. ಒಂದು ಟನ್ ನೀರಿನಲ್ಲಿ ಒಂದು ಯೂನಿಟ್ ಕೂಡಿಡಲು 367 ಮೀಟರ್ ಏರಿಸಬೇಕು. ಅದಕ್ಕೇ ಎಲ್ಲರ ಕಣ್ಣು ಘಟ್ಟಗಳ ಮೇಲೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2000 ಮೆಗಾವಾಟ್ ಸ್ಥಾವರಕ್ಕೆ ಬೇಕಾದ ಎತ್ತರ, ನಾನೂರು ಮೀಟರಿಗೂ ಮಿಕ್ಕಿ, ನಿಸರ್ಗದಲ್ಲೇ ಇದೆ. ಆದರೆ ಆ ಇಳಿಜಾರು ಸಿಂಗಳೀಕಗಳ ಕಾಡೂ ಹೌದು. ವಿರೋಧವೂ ಅಲ್ಲಿಂದಲೇ ಎದ್ದಿದೆ, ಅದು ಸಕಾರಣವೆಂದೇ ನನ್ನ ಎಣಿಕೆ.